ಬೆಗಿಮಾಯ್ ಲೆಕ್ಕಕ್ಕೆ ತರದ ವರ್ಷ

ವೆಂಡೆಲ್ ನಮ್ಮ ಬೆಗಿಮಾಯ್ ಅಕ್ಕನನ್ನು 'ವಕೀಲರೇ' ಎಂದೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವವಿತ್ತು, ಅರ್ಧ ಗಾಯವಿತ್ತು. ಅವರು ನಮ್ಮ ಒಡತಿ ಲೊರೇನ್ ಅವರ ಮಣ್ಣು ಪರೀಕ್ಷಾಲಯದ ಲೆಕ್ಕಪತ್ರ ನೋಡುವವರು. ಅಯೋವಾದ ಈ ಪುಟ್ಟ ಊರಿನ ಅರ್ಧದಷ್ಟು ಅಂಗಡಿಗಳ ಲೆಕ್ಕವೂ ಅವರ ಕೈಯಲ್ಲೇ. ನೀವು ಹೇಳಿದ್ದು ತಪ್ಪು ಎಂದು ಅವರಿಗೆ ಯಾರೂ ಅಂದಿರಲಿಲ್ಲ. ಬೆಗಿಮಾಯ್ ಅಂದಳು, ಅದೂ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ.

ಇದನ್ನು ನನಗೆ ಹೇಳಿದ್ದು ಲೊರೇನ್. ನಾನು ಅವಳದೇ ದೇಶದವನು, ಮರುವರ್ಷ ಸೇರಿದವನು. ಇಲ್ಲಿ ಎಲ್ಲರ ಸಂಬಳದಲ್ಲೂ ಮುಪ್ಪಿನ ಪಿಂಚಣಿಗೆ, ಮುಪ್ಪಿನ ಚಿಕಿತ್ಸೆಗೆ ಎಂದು ಒಂದು ತೆರಿಗೆ ಮುರಿದುಕೊಳ್ಳುತ್ತಾರೆ. ಅರ್ಧ ಕೆಲಸಗಾರನದು, ಇನ್ನರ್ಧ ಮಾಲೀಕರದು. ನಮ್ಮಂಥ ವಿದ್ಯಾರ್ಥಿ ವೀಸಾದವರಿಗೆ ಮಾತ್ರ ಮೊದಲ ಐದು ವರ್ಷ ಅದು ಇಲ್ಲ. ಓದು ಮುಗಿಸಿ, ಅದೇ ವೀಸಾದ ಮೇಲೆ ಕೆಲಸ ಕಲಿಯುತ್ತಿರುವಾಗಲೂ ಇಲ್ಲ. ಬೆಗಿಮಾಯ್‌ಳ ಮೊದಲ ಸಂಬಳದಲ್ಲಿ ವೆಂಡೆಲ್ ಅದನ್ನು ಮುರಿದಿದ್ದರು.

"ಎಲ್ರೂ ಕಟ್ತಾರಮ್ಮ. ಗವರ್ನರೂ ಕಟ್ತಾರೆ," ಎಂದರಂತೆ ವೆಂಡೆಲ್.

"ಗವರ್ನರ್ ವಿದ್ಯಾರ್ಥಿ ವೀಸಾದಲ್ಲಿದ್ರೆ ಅವರೂ ಕಟ್ಟೋದು ಬೇಡ," ಎಂದಳಂತೆ ಇವಳು.

ಮೇಜಿನ ಮೇಲೆ ನಿಯಮದ ಪ್ರತಿ ಇಟ್ಟು, ಅವರು ಓದಿ ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು. ವೆಂಡೆಲ್ ಅದನ್ನು ಮತ್ತೆ ಮತ್ತೆ ಓದಿದರು, ಯಾರಿಗೋ ಫೋನ್ ಮಾಡಿದರು, ಆಮೇಲೆ ಲೆಕ್ಕದ ಪುಸ್ತಕ ತೆರೆದರು. ಮುರಿದ ಹಣ ತಿರುಗಿ ಬಂತು. ಅದರ ಜೊತೆಗೆ ಲೊರೇನ್ ಅವರ ಅರ್ಧವೂ ಉಳಿಯಿತು. "ಅವತ್ತೇ ತೀರ್ಮಾನ ಮಾಡ್ದೆ," ಎಂದು ಲೊರೇನ್ ನಗುತ್ತಿದ್ದರು, "ಇನ್ಮೇಲೆ ವೆಂಡೆಲ್ ಒಂದು ಹೇಳಿ ಈ ಹುಡುಗಿ ಒಂದು ಹೇಳಿದ್ರೆ, ಹುಡುಗಿ ಹೇಳಿದ್ದೇ ಸರಿ ಅಂತ."

ಮಾತಿಗೆ ತಕ್ಕ ಹಾಗೆಯೇ ಇದ್ದಳು ಅಕ್ಕ. ಈ ಜನವರಿಯಲ್ಲಿ ಯಾರೂ ಕೇಳದೆ ತಾನೇ ಹೋಗಿ, "ನನ್ನ ಐದು ವರ್ಷ ಮುಗೀತು. ಈ ತಿಂಗಳಿಂದ ಮುರ್ಕೊಳ್ಳಿ," ಎಂದು ಹೇಳಿ ಬಂದಳು. ವೆಂಡೆಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಇಂಥ ಗಿರಾಕೀನ ನಾನು ನೋಡಿಲ್ಲ," ಎಂದಿದ್ದರು.

ಈಗ ಮಾರ್ಚ್. ನಮ್ಮಲ್ಲಿ ಎಲ್ಲರಿಗೂ ಮಾರ್ಚ್ ಎಂದರೆ ಎದೆ ಡವಡವ. ವಿದ್ಯಾರ್ಥಿ ವೀಸಾ ಮುಗಿದ ಮೇಲೂ ಇಲ್ಲಿರಬೇಕಾದರೆ ಕೆಲಸದ ವೀಸಾ ಬೇಕು. ಅದಕ್ಕೆ ಮಾಲೀಕರೇ ನಮ್ಮ ಹೆಸರನ್ನು ಸರ್ಕಾರದ ಲಾಟರಿಗೆ ಹಾಕಬೇಕು. ಎರಡು ಸಲ ಲೊರೇನ್ ಬೆಗಿಮಾಯ್‌ಳ ಹೆಸರು ಹಾಕಿದ್ದರು, ಎರಡು ಸಲವೂ ಬರಲಿಲ್ಲ. ಜೂನ್‌ಗೆ ಅವಳ ಅನುಮತಿ ಮುಗಿಯುತ್ತದೆ. ಇದೇ ಕೊನೆಯ ಸಲ. ಹೆಸರು ಹಾಕಲು ಗುರುವಾರ ಕಡೆಯ ದಿನ. ಸೋಮವಾರವೋ ಮಂಗಳವಾರವೋ ಕೂತು ಹಾಕಿಬಿಡೋಣ ಎಂದು ಲೊರೇನ್ ಹೇಳಿದ್ದರು.

ಹೀಗಿರುವಾಗ ಶನಿವಾರ ಬಂತು.

ತೆರಿಗೆ ಕಾಲದ ಶನಿವಾರಗಳಲ್ಲಿ ಊರಿನ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ನಾವು ಕೆಲವರು ಕೂರುತ್ತೇವೆ. ಹೊಸದಾಗಿ ಬಂದ ಪರದೇಶದ ವಿದ್ಯಾರ್ಥಿಗಳು ತಂತಮ್ಮ ಕಾಗದ ಹಿಡಿದುಕೊಂಡು ಬರುತ್ತಾರೆ. ನಮ್ಮ ಕಡೆಯ ಹುರಿಗಡುಬು, ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು, ಜೊತೆಗೆ ಟೀ ಇಟ್ಟಿರುತ್ತೇವೆ. ಅದಕ್ಕೆಂದೇ ಬರುವವರೂ ಇದ್ದಾರೆ. ಬೆಗಿಮಾಯ್ ಕೂತ ಮೇಜಿನ ಮುಂದೆ ಯಾವಾಗಲೂ ಉದ್ದ ಸಾಲು. ಅವಳು ಹೆದರಿದವರನ್ನು ಬೈದು ನಗಿಸುತ್ತಾಳೆ. "ಏನಪ್ಪಾ, ಕಾಗದಾನ ಮಗು ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀಯ, ಕೊಡು ಇಲ್ಲಿ, ಕಚ್ಚಲ್ಲ," ಎನ್ನುತ್ತಾಳೆ. ನಾನು ಪಕ್ಕದ ಮೇಜಿನಲ್ಲಿ ಕೂತು, ನನಗೆ ಬಂದ ಕಷ್ಟದ ಕಾಗದಗಳನ್ನೆಲ್ಲ ಮೆಲ್ಲಗೆ ಅವಳ ಕಡೆ ತಳ್ಳುತ್ತೇನೆ.

ಅವತ್ತು ಅವಳ ಮುಂದೆ ಕೂತಿದ್ದವಳು ಸೆಕಾರ್ ಎಂಬ ಇಂಡೊನೇಷ್ಯಾದ ಹುಡುಗಿ. ಹೋದ ವರ್ಷ ಬಂದವಳು.

"ಇದಕ್ಕೆ ಮುಂಚೆ ಈ ದೇಶಕ್ಕೆ ಬಂದಿದ್ಯಾ?" ಬೆಗಿಮಾಯ್ ಎಲ್ಲರನ್ನೂ ಕೇಳುವ ಪ್ರಶ್ನೆ. ಕೇಳುತ್ತ ಹುರಿಗಡುಬಿನ ತಟ್ಟೆಯನ್ನು ಹುಡುಗಿಯ ಕಡೆ ಸರಿಸಿದಳು.

"ಇಲ್ಲಕ್ಕ. ಅಂದ್ರೆ, ಹೈಸ್ಕೂಲಲ್ಲಿದ್ದಾಗ ಒಂದು ವರ್ಷ ವಯೋಮಿಂಗಲ್ಲಿದ್ದೆ. ಒಬ್ರ ಮನೇಲಿ ಉಳ್ಕೊಂಡು ಓದೋ ಯೋಜನೆ. ಅದೆಲ್ಲ ಲೆಕ್ಕಕ್ಕಿಲ್ಲ ಅಲ್ವಾ?"

"ಯಾಕಿಲ್ಲ? ಅದೂ ವಿದ್ಯಾರ್ಥಿ ವೀಸಾನೇ. ಆಗಸ್ಟಿಂದ ಜೂನ್ ತನಕ ಇದ್ದೆ ತಾನೆ? ಒಂದಿನ ಇದ್ರೂ ಆ ಕ್ಯಾಲೆಂಡರ್ ವರ್ಷ ಪೂರ್ತಿ ಲೆಕ್ಕ, ಹಾಗಾಗಿ ಎರಡು ವರ್ಷ ಆಯ್ತು. ಐದರಲ್ಲಿ ಎರಡು ಆಗ್ಲೇ ಖರ್ಚಾಗಿದೆ, ಗೊತ್ತಾ? ನಿನಗೆ ಉಳಿದಿರೋದು..."

ಅವಳ ಮಾತು ಅಲ್ಲಿಗೇ ನಿಂತಿತು.

ನಾನು ತಲೆ ಎತ್ತಿ ನೋಡಿದೆ. ಪೆನ್ನು ಹಿಡಿದ ಕೈ ಹಾಗೇ ಇತ್ತು, ಅವಳ ಕಣ್ಣು ಮಾತ್ರ ಹುಡುಗಿಯ ಹಿಂದೆ ಎಲ್ಲೋ ಗೋಡೆಯೊಳಗೆ ಹೋಗಿತ್ತು. "ಅಕ್ಕಾ, ಏನಾಯ್ತು?" ಎಂದಳು ಸೆಕಾರ್. ಬೆಗಿಮಾಯ್ ಬೆಚ್ಚಿ, "ಮೂರು. ಹೋದ ವರ್ಷವೂ ಸೇರಿ ನಿನಗೆ ಉಳಿದಿರೋದು ಮೂರು ವರ್ಷ," ಎಂದಳು. ಆಮೇಲೆ ಆ ಹುಡುಗಿಯ ಕಾಗದಗಳನ್ನು ಒಂದೊಂದಾಗಿ, ಎಂದಿಗಿಂತಲೂ ನಿಧಾನವಾಗಿ ಪೂರ್ತಿ ಮಾಡಿ, ಎಲ್ಲಿ ಸಹಿ ಹಾಕಬೇಕೆಂದು ತೋರಿಸಿ, ಬಾಗಿಲ ತನಕ ಹೋಗಿ ಕಳಿಸಿ ಬಂದಳು. ಅವಳ ನಂತರ ಸಾಲಿನಲ್ಲಿದ್ದವರನ್ನೂ ಹಾಗೆಯೇ ಮುಗಿಸಿದಳು. ಕೋಣೆ ಖಾಲಿಯಾದ ಮೇಲೆ ನನ್ನ ಪಕ್ಕಕ್ಕೆ ಬಂದು ಕೂತಳು.

"ತಿಲೆಕ್, ನಾನು ನೆಬ್ರಾಸ್ಕಾದಲ್ಲಿದ್ದೆ ಕಣೋ."

"ಗೊತ್ತು. ಮಾರ್ಗೋ ಅಮ್ಮನ ಮನೇಲಿ. ಹಂದಿ ಮರಿ ಹಾಕಿದ್ದು, ನೀನು ಹೆದರಿ ಅಟ್ಟ ಹತ್ತಿದ್ದು, ಎಲ್ಲಾ ಹೇಳಿದೀಯಲ್ಲ."

"ಅದು ಅಮೆರಿಕದಲ್ಲಿದೆ."

ನನಗೆ ನಗು ಬಂತು. ಆಮೇಲೆ ನಗು ಹಾಗೇ ಆರಿತು.

ನಮ್ಮ ದೇಶದ ಬೆಟ್ಟದ ಸೀಮೆಯಾದ ನರೀನ್ ಕಡೆಯ ಹಳ್ಳಿಯಿಂದ, ಹದಿನಾರನೆಯ ವಯಸ್ಸಿನಲ್ಲಿ, ಅದೇ ಥರದ ಯೋಜನೆಯಲ್ಲಿ ಅವಳು ಒಂದು ಶಾಲಾವರ್ಷ ಬಂದು ಹೋಗಿದ್ದಳು. ಅವಳ ಮನಸ್ಸಿನಲ್ಲಿ ಅದು ಯಾವ ದೇಶದ ನೆನಪೂ ಆಗಿರಲಿಲ್ಲ. ಒಬ್ಬ ದಪ್ಪ ಹೆಂಗಸಿನ ಅಡುಗೆಮನೆ, ಮಂಜು ಬಿದ್ದ ಬೇಲಿ, ಶಾಲೆಯ ಹಾಡಿನ ತಂಡ, ಅಷ್ಟೆ. ಎಷ್ಟೋ ವರ್ಷದ ನಂತರ ಹೊಸ ಪಾಸ್‌ಪೋರ್ಟ್ ಹಿಡಿದು, ಎಂಎಸ್ಸಿ ಓದಲು ವಿಮಾನ ಇಳಿದ ದಿನದಿಂದ ತನ್ನ ಐದು ವರ್ಷ ಎಣಿಸಿದ್ದಳು. ಎಣಿಕೆಗೆ ಎರಡು ವರ್ಷ ಮುಂಚೆಯೇ ಅವಳ ರಿಯಾಯಿತಿ ಮುಗಿದಿತ್ತು. ಎರಡು ವರ್ಷ ಅವಳ ಸಂಬಳದಲ್ಲಿ ಆ ತೆರಿಗೆ ಮುರಿಯಬೇಕಿತ್ತು. ಅವಳ ಮಾತು ನಂಬಿ ಲೊರೇನ್ ಮುರಿದಿರಲಿಲ್ಲ. ಈಗ ಲೊರೇನ್ ಅದನ್ನು ಸರ್ಕಾರಕ್ಕೆ ಕಟ್ಟಬೇಕು, ಎರಡೂ ಅರ್ಧಗಳನ್ನು.

ಭಾನುವಾರ ಬೆಳಿಗ್ಗೆ ನಾನು ಅವಳ ಮನೆಗೆ ಹೋದೆ. ಅವಳು ಟೀ ಮಾಡಿಟ್ಟು ಕಾಯುತ್ತಿದ್ದಳು. ನಮ್ಮಲ್ಲಿ ಅತಿಥಿಗೆ ಬಟ್ಟಲು ತುಂಬಿಸಿ ಕೊಡುವುದಿಲ್ಲ. ತಳದಲ್ಲಿ ಸ್ವಲ್ಪ ಸುರಿದು ಕೊಟ್ಟರೆ ಇನ್ನೂ ಕೂರು, ಮತ್ತೆ ಮತ್ತೆ ಸುರಿಯುತ್ತೇನೆ ಎಂದರ್ಥ. ಅವಳು ಬಟ್ಟಲಿನ ತಳದಲ್ಲಿ ಸ್ವಲ್ಪ ಸುರಿದಳು.

"ನಾಳೆ ಬೆಳಿಗ್ಗೆ ಹೇಳ್ತೀನಿ," ಎಂದಳು.

"ಅಕ್ಕ, ನಾನೊಂದು ಮಾತು ಹೇಳ್ಲಾ? ಗುರುವಾರದ ತನಕ ಬಾಯಿ ಮುಚ್ಕೊಂಡಿರು. ಹೆಸರು ಹಾಕಿ ಆಗ್ಲಿ. ಶುಕ್ರವಾರ ಹೇಳು. ಸುಳ್ಳು ಹೇಳು ಅಂತಿಲ್ಲ. ಸ್ವಲ್ಪ ತಡವಾಗಿ ಹೇಳು ಅಂತಿದೀನಿ."

"ಹೆಸರು ಹಾಕೋರು ಲೊರೇನ್. ತಾನು ಯಾರ ಹೆಸರು ಹಾಕ್ತಿದೀನಿ ಅಂತ ಅವರಿಗೆ ಗೊತ್ತಿರಬೇಡ್ವಾ?"

"ನಿನ್ನದೇ ಹೆಸರು! ಎರಡು ಸಲ ಹಾಕಿದಾರಲ್ಲ, ಅದೇ ಹೆಸರು. ಈ ಸಲ ಮಣ್ಣು ಒಣಗಿಸೋ ಓವನ್ ಬೇರೆ ಕೆಟ್ಟಿದೆ, ಹೊಸದು ತಗೋಬೇಕು ಅಂತ ದುಡ್ಡು ಎತ್ತಿಟ್ಟಿದಾರೆ. ಇದನ್ನೂ ತಲೆ ಮೇಲೆ ಹಾಕಿದ್ರೆ, ಇವಳ ಸಹವಾಸವೇ ಬೇಡ ಅನ್ಕೋತಾರೆ. ಜೂನಲ್ಲಿ ಪೆಟ್ಟಿಗೆ ಕಟ್ಕೊಂಡು ನರೀನ್‌ಗೆ ಹೋಗ್ತೀಯ. ಅಷ್ಟೆ."

"ಹೋಗ್ತೀನಿ ಬಿಡು. ನರೀನಲ್ಲೂ ಮಣ್ಣಿದೆ."

"ಪರೀಕ್ಷೆ ಮಾಡೋಕೆ ಯಂತ್ರ ಇಲ್ಲ!" ನನ್ನ ದನಿ ಏರಿತು. "ಯಾರು ಕೇಳ್ತಾರಕ್ಕ? ಆ ಹಳೇ ಪಾಸ್‌ಪೋರ್ಟು ನಿಮ್ಮಮ್ಮನ ಪೆಟ್ಟಿಗೇಲಿದೆ. ಹದಿನಾರು ವರ್ಷದ ಹುಡುಗಿ ನೆಬ್ರಾಸ್ಕಾದಲ್ಲಿ ಹಾಡು ಹೇಳ್ಕೊಂಡಿದ್ದಳು ಅಂತ ಹುಡುಕ್ಕೊಂಡು ಯಾರು ಬರ್ತಾರೆ?"

ಅವಳು ಟೀ ಪಾತ್ರೆ ಕೆಳಗಿಟ್ಟಳು.

"ಅವತ್ತು ವೆಂಡೆಲ್ ಎದುರಿಗೆ ನಿಂತು ನಿಮ್ಮದು ತಪ್ಪು ಅಂದ್ನಲ್ಲ," ಎಂದಳು, "ಅವರು ಓದಿ ಮುಗಿಸೋವರೆಗೂ ಕೂರ್ಲಿಲ್ಲ ನಾನು. ಮುಂದಿನ ವಾರ ನೋಡೋಣಮ್ಮ ಅಂದ್ರು. ಇಲ್ಲ, ಈಗ್ಲೇ ನೋಡಿ ಅಂದೆ. ಅವರ ತಪ್ಪಿಗೆ ಒಂದು ವಾರ ಕೊಡದೇ ಇದ್ದೋಳು ನನ್ನ ತಪ್ಪಿಗೆ ಶುಕ್ರವಾರದ ತನಕ ಕೊಟ್ಕೊಳ್ಳಾ?"

"ಕೊಟ್ಕೋ. ಯಾರಿಗೂ ಗೊತ್ತಾಗಲ್ಲ."

ಅವಳು ನನ್ನ ಬಟ್ಟಲು ಎತ್ತಿಕೊಂಡು, ಅಂಚಿನವರೆಗೆ, ಟೀ ತುಳುಕುವ ಹಾಗೆ ತುಂಬಿಸಿ ನನ್ನ ಮುಂದಿಟ್ಟಳು. ಕುಡಿದು ಎದ್ದು ಹೋಗು ಎಂದರ್ಥ. ನಾನು ನಾಲಿಗೆ ಸುಟ್ಟುಕೊಂಡು ಕುಡಿದು ಎದ್ದು ಬಂದೆ.

ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೆ. ನನಗೆ ಸಿಟ್ಟು ಬಂದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಆಗ ಅದನ್ನು ಒಪ್ಪಿಕೊಳ್ಳಲಿಲ್ಲ: ಮುಂದಿನ ವರ್ಷ ಲೊರೇನ್ ನನ್ನ ಹೆಸರೂ ಹಾಕಬೇಕಿತ್ತು. ಪರದೇಶದವರೆಂದರೆ ತಲೆನೋವು ಎಂದು ಅವರಿಗೆ ಅನಿಸಿಬಿಟ್ಟರೆ ಅದು ಒಬ್ಬಳ ಮೇಲೆ ನಿಲ್ಲುವುದಿಲ್ಲ.

ಸೋಮವಾರ ಪರೀಕ್ಷಾಲಯದ ಅಂಗಳದಲ್ಲಿ ಬೆಳಿಗ್ಗೆಯೇ ಪಿಕಪ್ ಗಾಡಿಗಳು ಸಾಲುಗಟ್ಟಿದ್ದವು. ಬಿತ್ತನೆಗೆ ಮುಂಚೆ ಹೊಲಕ್ಕೆ ಎಷ್ಟು ಸುಣ್ಣ, ಎಷ್ಟು ಗೊಬ್ಬರ ಬೇಕೆಂದು ತಿಳಿಯಲು ರೈತರು ಮಣ್ಣಿನ ಪೊಟ್ಟಣ ತರುವ ಕಾಲ. ಲೊರೇನ್ ಮೊಣಕೈವರೆಗೆ ಧೂಳು ಮಾಡಿಕೊಂಡು ಪೊಟ್ಟಣಗಳಿಗೆ ಗುರುತು ಹಾಕುತ್ತಿದ್ದರು. ನಾನು ಜರಡಿ ಹಿಡಿದು ಮೂಲೆಯಲ್ಲಿದ್ದೆ. ಬೆಗಿಮಾಯ್ ಕೋಟು ಕೂಡ ಬಿಚ್ಚದೆ ಅವರ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ರಾತ್ರಿಯೆಲ್ಲ ಹೇಳಿ ಅಭ್ಯಾಸ ಮಾಡಿಕೊಂಡಿದ್ದಳೆಂದು ಕಾಣುತ್ತದೆ.

ಲೊರೇನ್‌ಗೆ ಮೊದಲು ತಟ್ಟಿದ್ದು ತೆರಿಗೆಯಲ್ಲ.

"ನೆಬ್ರಾಸ್ಕಾನಾ? ನೀನು ನೆಬ್ರಾಸ್ಕಾದಲ್ಲಿದ್ಯಾ? ಮೂರು ವರ್ಷದಿಂದ ನಿನಗೆ ಕಾಫಿ ಮಾಡ್ಕೊಡ್ತಿದೀನಿ, ಒಂದಿನ ಬಾಯಿ ಬಿಟ್ಯಾ?"

"ಹೇಳಿದ್ದೆ ಲೊರೇನ್. ಹಂದಿ ಮರಿ ಹಾಕಿದ್ದು, ನಾನು ಅಟ್ಟ ಹತ್ತಿದ್ದು."

"ಅದು ನಿಮ್ಮೂರ ಕಥೆ ಅಂದ್ಕೊಂಡಿದ್ದೆ!"

"ನಮ್ಮೂರಲ್ಲಿ ಹಂದಿ ಎಲ್ಲಿ ಬರ್ಬೇಕು? ನಾವು ಮುಸಲ್ಮಾನರು."

ಲೊರೇನ್ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಉಳಿದ ಮಾತು ಅವರ ತಲೆಯೊಳಗೆ ಇಳಿಯಿತು. ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟು ವೆಂಡೆಲ್‌ಗೆ ಫೋನ್ ಮಾಡಿದರು.

ವೆಂಡೆಲ್ ಬೇಗನೇ ಬಂದರು. "ಏನು ವಕೀಲರೇ, ಈ ಸಲ ನನ್ನ ಮೇಲೆ ಯಾವ ಕೇಸು?" ಎಂದು ಬಾಗಿಲಲ್ಲೇ ಕೂಗಿದರು.

"ಈ ಸಲ ನನ್ನ ಮೇಲೇ," ಎಂದಳು ಬೆಗಿಮಾಯ್. "ನೀವು ಮುರೀಬೇಕು ಅಂದ್ರಿ, ನಾನು ಬೇಡ ಅಂದೆ. ಮೊದಲ ಆರು ತಿಂಗಳು ನಾನು ಸರಿ. ಆಮೇಲಿನ ಎರಡು ವರ್ಷ ನೀವು ಹೇಳಿದ ಹಾಗೆ ಮಾಡಿದ್ರೇ ಸರಿ ಇರ್ತಿತ್ತು."

ನಾನು ಜರಡಿ ಆಡಿಸುವುದನ್ನು ನಿಲ್ಲಿಸಿದ್ದೆ. ವೆಂಡೆಲ್ ಗೆದ್ದ ನಗು ನಗುತ್ತಾರೆಂದು ಕಾಯುತ್ತಿದ್ದೆ. ಎಷ್ಟು ಸಮಯದಿಂದ ಈ ದಿನಕ್ಕಾಗಿ ಕಾದಿದ್ದರೋ. ಆದರೆ ಅವರು ಕೂತು ಕನ್ನಡಕ ಹಾಕಿಕೊಂಡು ಬೆರಳಿನಲ್ಲಿ ಎಣಿಸಿದರು. ನೆಬ್ರಾಸ್ಕಾ ಎರಡು. ಇಲ್ಲಿಗೆ ಬಂದ ವರ್ಷ, ಮರುವರ್ಷ, ಕೆಲಸಕ್ಕೆ ಸೇರಿದ ವರ್ಷ. ಹೆಬ್ಬೆರಳಿಗೆ ಐದು ಮುಗಿಯಿತು.

"ನಾನೂ ಕೇಳ್ಬೇಕಿತ್ತು, ಇದಕ್ಕೆ ಮುಂಚೆ ಬಂದಿದ್ರಾ ಅಂತ," ಎಂದರು.

"ಕೇಳಿದ್ರೂ ಇಲ್ಲ ಅಂತಿದ್ದೆ. ಸುಳ್ಳಲ್ಲ. ನನಗೇ ಗೊತ್ತಿರ್ಲಿಲ್ಲ."

ವೆಂಡೆಲ್ ಚೀಲದಿಂದ ತಿದ್ದುಪಡಿಯ ನಮೂನೆ ಹೊರತೆಗೆದರು. "ಸಂಬಳದ ತೆರಿಗೆ ತಪ್ಪಾದ್ರೆ ಇದನ್ನ ಕಳಿಸ್ಬೇಕು. ಇದರಲ್ಲಿ ಒಂದು ಪ್ರಶ್ನೆ ಇದೆ. ತಪ್ಪು ಗೊತ್ತಾದ ದಿನ ಯಾವುದು ಅಂತ. ಏನು ಬರೀಲಿ?"

"ಶನಿವಾರ."

"ಯಾವ ಶನಿವಾರ?"

"ಮೊನ್ನೆ."

ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಗುರುವಾರ ಏನಿದೆ ಅಂತ ನೆನಪಿತ್ತಾ?"

"ಇತ್ತು."

ವೆಂಡೆಲ್ ಯಾಕೋ ತಿರುಗಿ ನನ್ನ ಕಡೆ ನೋಡಿದರು. ನಾನು ಜರಡಿಯನ್ನು ಜೋರಾಗಿ ಆಡಿಸತೊಡಗಿದೆ. ಅವರು ದಿನಾಂಕ ಬರೆದರು. ಆಮೇಲೆ ಲೊರೇನ್‌ಗೆ ಲೆಕ್ಕ ಬಿಡಿಸಿ ಹೇಳಿದರು. ಗೊತ್ತಾದ ಕೂಡಲೇ ನಾವಾಗಿಯೇ ತಿದ್ದಿ, ಈ ಕಾಲುವರ್ಷದ ಲೆಕ್ಕದ ಜೊತೆ ಹಣ ಕಟ್ಟಿದರೆ ಬಡ್ಡಿ ಬೀಳುವುದಿಲ್ಲ. ಗೊತ್ತಿದ್ದೂ ಎಳೆದರೆ ಬೀಳುತ್ತದೆ. ಮೊದಲು ಎರಡೂ ಅರ್ಧ ಲೊರೇನ್ ಕಟ್ಟಬೇಕು. ಬೆಗಿಮಾಯ್‌ಳ ಅರ್ಧವನ್ನು ಆಮೇಲೆ ಅವಳ ಸಂಬಳದಲ್ಲಿ ವಸೂಲಿ ಮಾಡಿಕೊಳ್ಳಬಹುದು. ಕೊನೆಗೆ ಮೊತ್ತ ತೋರಿಸಿದರು.

ಲೊರೇನ್ ಆ ಅಂಕಿ ನೋಡಿದರು. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಕೆಟ್ಟ ಓವನ್ನಿನ ಕಡೆ ನೋಡಿದರು. ಅವರ ಕುತ್ತಿಗೆ ಕೆಂಪಾಗಿತ್ತು.

"ನಿನ್ನ ಮಾತು ಕೇಳಿ ನಾನು ಇವರ ಜೊತೆ ಜಗಳ ಆಡ್ದೆ. ಆ ವರ್ಷ ಕ್ರಿಸ್‌ಮಸ್ ಊಟಕ್ಕೂ ಕರೀಲಿಲ್ಲ. ಇಪ್ಪತ್ತು ವರ್ಷದ ಸ್ನೇಹ."

"ಗೊತ್ತು ಲೊರೇನ್."

"ಗುರುವಾರದ್ದು ನಾಳೆ ಹೇಳ್ತೀನಿ. ಈಗ ನನ್ನನ್ನ ಏನೂ ಕೇಳ್ಬೇಡ."

ಅವರು ಅಂಗಳಕ್ಕೆ ಹೋದರು. ಹೊರಗೆ ಯಾರೋ ರೈತನ ಮೇಲೆ, ಪೊಟ್ಟಣ ಒದ್ದೆ ಮಾಡಿಕೊಂಡು ತಂದಿದ್ದಕ್ಕೆ, ರೇಗುವುದು ಕೇಳಿಸಿತು. ಬೆಗಿಮಾಯ್ ಕೋಟು ಬಿಚ್ಚಿ ಮೊಳೆಗೆ ಹಾಕಿ, ಏಪ್ರನ್ ಕಟ್ಟಿ ತನ್ನ ಜಾಗಕ್ಕೆ ಹೋದಳು. ಸಂಜೆಯವರೆಗೂ ಮಣ್ಣು ತೂಗಿದಳು, ದ್ರಾವಣ ಹಾಕಿದಳು, ಅಂಕಿ ಬರೆದಳು. ಒಂದು ಅಂಕಿಯೂ ತಪ್ಪಾಗಲಿಲ್ಲ. ಅವಳ ಕೈಗಳನ್ನೇ ನೋಡುತ್ತ ನಾನು ನಾಲ್ಕು ಪೊಟ್ಟಣಗಳ ಗುರುತು ಅದಲುಬದಲು ಮಾಡಿ, ಅವಳಿಂದಲೇ ಬೈಸಿಕೊಂಡೆ.

"ಸಿಟ್ಟು ಹೋಯ್ತಾ?" ಎಂದಳು ಮನೆಗೆ ಹೊರಡುವಾಗ.

"ಹೋಗಿಲ್ಲ."

"ಒಳ್ಳೇದು. ನನಗೆ ಹೆದರಿಕೆ, ನಿನಗೆ ಸಿಟ್ಟು. ಹಂಚ್ಕೊಂಡ ಹಾಗಾಯ್ತು."

ಅವಳಿಗೆ ಹೆದರಿಕೆಯಾಗಿದೆಯೆಂದು ನನಗೆ ಗೊತ್ತಾಗಿದ್ದೇ ಆಗ.

ಮಂಗಳವಾರ ನಾವು ಹೋಗುವಷ್ಟರಲ್ಲಿ ವೆಂಡೆಲ್ ಬಂದು ಕೂತಿದ್ದರು. ಲೊರೇನ್ ಅವರ ಮುಂದೆ ಕಂಪ್ಯೂಟರ್ ತೆರೆದಿತ್ತು.

"ಕೂತ್ಕೋ," ಎಂದರು ಲೊರೇನ್, ಬೆಗಿಮಾಯ್‌ಳ ಮುಖ ನೋಡದೆ. "ನಿನ್ನೆ ನನಗೆ ತುಂಬಾ ಸಿಟ್ಟಿತ್ತು. ಈಗ್ಲೂ ಸ್ವಲ್ಪ ಇದೆ. ರಾತ್ರಿ ವೆಂಡೆಲ್‌ಗೆ ಫೋನ್ ಮಾಡಿ, ಇನ್ಮೇಲೆ ಈ ಹುಡುಗಿ ಮಾತು ನಂಬಬಹುದಾ ಅಂತ ಕೇಳ್ದೆ. ಏನಂದ್ರು ಗೊತ್ತಾ?"

"ಬೇಡ, ಅದೆಲ್ಲ ಯಾಕೀಗ," ಎಂದು ವೆಂಡೆಲ್ ಕೆಮ್ಮಿದರು.

"ಜಾಸ್ತಿ ಕಟ್ಟಿದೀನಿ, ವಾಪಸ್ ಕೊಡಿಸಿ ಅಂತ ಬರೋರನ್ನ ಜೀವನಪೂರ್ತಿ ನೋಡಿದೀನಿ, ಕಮ್ಮಿ ಕಟ್ಟಿದೀನಿ ಅಂತ ಬಂದೋಳು ಇವಳೊಬ್ಬಳೇ ಅಂದ್ರು. ಬೆಳಿಗ್ಗೆ ಎದ್ದು ನಾನು ಇನ್ನೊಂದು ಯೋಚ್ನೆ ಮಾಡ್ದೆ. ಹೊರಗಡೆ ನಿಂತಿದಾರಲ್ಲ ಇವ್ರೆಲ್ಲ, ನಾವು ಬರೆದುಕೊಟ್ಟ ಅಂಕಿ ನಂಬ್ಕೊಂಡು ವರ್ಷವಿಡೀ ಬೆಳೆ ತೆಗೀತಾರೆ. ಅಂಕಿ ತಪ್ಪಾಗಿದ್ರೆ ಅವರಿಗೆ ಗೊತ್ತೇ ಆಗಲ್ಲ. ಬೆಳೆ ಬರ್ಲಿಲ್ಲ ಅಂತ ಮಳೇನ ಬೈತಾರೆ. ಅಂಥ ಕಡೆ, ಅಯ್ಯೋ ಇದು ತಪ್ಪಾಯ್ತು ಅಂತ ಗೊತ್ತಾದ ತಕ್ಷಣ ಬಂದು ಹೇಳೋ ಮನುಷ್ಯರನ್ನ ಕಳ್ಕೊಂಡು ಯಾರನ್ನ ಇಟ್ಕೊಳ್ಳಲಿ ನಾನು? ಆ ತಿಲೆಕ್‌ನಾ? ನಿನ್ನೆ ನಾಲ್ಕು ಪೊಟ್ಟಣ ಅದಲುಬದಲು ಮಾಡಿದಾನೆ."

"ತಿದ್ದಿದ್ದು ನಾನೇ, ಅವನಿಗೆ ಹೇಳಿದ್ದೂ ನಾನೇ," ಎಂದಳು ಬೆಗಿಮಾಯ್.

"ಅದನ್ನೇ ನಾನೂ ಹೇಳ್ತಿರೋದು."

ಲೊರೇನ್ ಎರಡು ಬೆರಳಿನಲ್ಲಿ ಅವಳ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಕೂಡಿಸಿದರು. ಮೂವರೂ ಪರದೆಯ ಮೇಲೆ ಬಗ್ಗಿದರು. ಕೊನೆಯ ಗುಂಡಿ ಒತ್ತಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೆಗಿಮಾಯ್ ಅಂಗೈಯಿಂದ ಕಣ್ಣು ಒತ್ತಿಕೊಂಡು, ತಕ್ಷಣವೇ ವೆಂಡೆಲ್ ಕಡೆ ತಿರುಗಿದಳು.

"ನನ್ನ ಅರ್ಧ ತಿಂಗಳಿಗೆ ಎಷ್ಟು ಮುರೀತೀರಿ?"

"ಲೊರೇನ್ ಸ್ವಲ್ಪಸ್ವಲ್ಪ ಅಂತಿದಾರೆ. ಎರಡು ವರ್ಷಕ್ಕೆ ಹಂಚಿ."

"ಬೇಡ. ಜೂನ್ ಒಳಗೆ ಮುಗಿಸಿ."

"ನೀನು ತಿನ್ನೋದೇನು, ಮಣ್ಣಾ?" ಎಂದರು ಲೊರೇನ್.

"ಹುರಿಗಡುಬು ತಿಂತೀನಿ. ಜೂನಲ್ಲಿ ನಾನು ಇರ್ತೀನೋ ಇಲ್ವೋ ಗೊತ್ತಿಲ್ಲ. ಹೆಸರು ಬರದಿದ್ರೆ?"

"ಬರದಿದ್ರೆ ಬಾಕಿ ಇಟ್ಕೊಂಡು ಹೋಗು. ಬಾಕಿ ಇದ್ದೋರು ತಿರುಗಿ ಬರ್ತಾರೆ."

ಬೆಗಿಮಾಯ್ ತಲೆ ಅಲ್ಲಾಡಿಸಿದಳು. "ನಾನು ಬಾಕಿ ತೀರಿಸಿಯೂ ಬರ್ತೀನಿ," ಎಂದಳು.

ವೆಂಡೆಲ್ ಇಬ್ಬರ ಮುಖವನ್ನೂ ನೋಡಿ, ಯಾರನ್ನೂ ಕೇಳದೆ, ಕಾಗದದ ಮೇಲೆ ಜೂನ್ ಎಂದು ಬರೆದರು. ಹೊರಗೆ ಒಬ್ಬ ರೈತ ಹಾರ್ನ್ ಒತ್ತುತ್ತಿದ್ದ. ಅವಳು ಏಪ್ರನ್ ಕಟ್ಟಿಕೊಳ್ಳುತ್ತ ಅವನ ಕಡೆ ಹೊರಟಳು, ನಾನು ಖಾಲಿ ಪೊಟ್ಟಣಗಳ ಕಟ್ಟನ್ನು ಎತ್ತಿಕೊಂಡು ಅವಳ ಹಿಂದೆ ಹೋದೆ.